ಪೋಷಕ ಕುಟುಂಬದಲ್ಲಿರುವ ಮಕ್ಕಳನ್ನು ಹೆತ್ತ ತಾಯಿ ನೋಡುವುದಕ್ಕೆ ಯಾರ ಅನುಮತಿ ಬೇಕು?

ಪ್ರಶ್ನೆ ಕೇಳಿದವರು: ಸೋದರತ್ತೆ

ಎಲ್ಲರಿಗೂ ನಮಸ್ಕಾರ. ಮಕ್ಕಳ ಹೆಸರು, ಊರು, ಜಿಲ್ಲೆ ಯಾವುದನ್ನೂ ನಾನು ಇಲ್ಲಿ ಬರೆಯುವುದಿಲ್ಲ, ದಯವಿಟ್ಟು ಯಾರೂ ಕೇಳಬೇಡಿ.

ನನ್ನ ತಮ್ಮ ಮೂರು ವರ್ಷಗಳ ಹಿಂದೆ ಅಪಘಾತದಲ್ಲಿ ತೀರಿಕೊಂಡ. ಆ ನಂತರ ಅವನ ಹೆಂಡತಿ ಊಟ ನಿದ್ದೆ ಬಿಟ್ಟು, ಒಬ್ಬಳೇ ಮಾತನಾಡಿಕೊಳ್ಳತೊಡಗಿದಳು. ನಾವು ಅದನ್ನು ಮೊದಲು ದುಃಖವೆಂದುಕೊಂಡೆವು, ಆಮೇಲೆ ಗಾಳಿ ಸೋಕಿದೆಯೆಂದು ದೇವಸ್ಥಾನಗಳಿಗೆ ಅಲೆದೆವು. ಆಸ್ಪತ್ರೆಗೆ ತಡವಾಗಿ ಕರೆದುಕೊಂಡು ಹೋದದ್ದು ನಮ್ಮದೇ ತಪ್ಪು. ಅಷ್ಟರಲ್ಲಿ ಒಂದು ರಾತ್ರಿ ಅವಳು ಇಬ್ಬರೂ ಮಕ್ಕಳನ್ನು ಕಟ್ಟಿಕೊಂಡು ಬಸ್ ನಿಲ್ದಾಣದಲ್ಲಿ ದಿಕ್ಕು ತೋಚದೆ ಕುಳಿತಿದ್ದಾಗ ಯಾರೋ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದರು. ಮರುದಿನ ಮಕ್ಕಳನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಿದರು. ಹುಡುಗಿಯನ್ನು ಬಾಲಕಿಯರ ಬಾಲಮಂದಿರಕ್ಕೂ ಹುಡುಗನನ್ನು ಬಾಲಕರ ಬಾಲಮಂದಿರಕ್ಕೂ ಕಳುಹಿಸಿದರು. ಕೆಲವು ತಿಂಗಳ ನಂತರ ಇಬ್ಬರನ್ನೂ ಒಂದೇ ಪೋಷಕ ಕುಟುಂಬಕ್ಕೆ, ಅಂದರೆ ಮಕ್ಕಳನ್ನು ಸದ್ಯಕ್ಕೆ ಬೇರೊಂದು ಮನೆಯವರು ಸಾಕುವ, ಎಲ್ಲರೂ ಫಾಸ್ಟರ್ ಕೇರ್ ಎನ್ನುವ ವ್ಯವಸ್ಥೆಗೆ ಒಪ್ಪಿಸಿದರು. ಅಕ್ಕ ತಮ್ಮ ಒಂದೇ ಸೂರಿನಡಿ ಇದ್ದಾರಲ್ಲ ಎಂಬುದೊಂದೇ ಆಗ ನಮಗಿದ್ದ ಸಮಾಧಾನ. ಈಗ ಅವರು ಅಲ್ಲಿಗೆ ಹೋಗಿ 14 ತಿಂಗಳಾಯಿತು. ಹುಡುಗಿಗೆ 11 ವರ್ಷ, ಹುಡುಗನಿಗೆ 8.

ತಾಯಿ ಈಗ ಚೇತರಿಸಿಕೊಂಡಿದ್ದಾಳೆ. ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುವ ಮನೋವೈದ್ಯರ ಬಳಿ ತಪ್ಪದೆ ತೋರಿಸಿಕೊಳ್ಳುತ್ತಾಳೆ, ಹತ್ತು ತಿಂಗಳಿಂದ ಒಂದು ದಿನವೂ ಮಾತ್ರೆ ಬಿಟ್ಟಿಲ್ಲ, ಅಡಿಕೆ ಸುಲಿಯುವ ಕೆಲಸಕ್ಕೆ ಹೋಗುತ್ತಾಳೆ. ಆದರೆ ಈ 14 ತಿಂಗಳಲ್ಲಿ ಅವಳಿಗೆ ಮಕ್ಕಳನ್ನು ನೋಡಲು ಸಿಕ್ಕಿದ್ದು ಎರಡೇ ಸಲ, ಅದೂ ಕಚೇರಿಯಲ್ಲಿ, ಇಪ್ಪತ್ತು ನಿಮಿಷ. ಎರಡನೆಯ ಸಲ ಹುಡುಗಿ ತಾಯಿಯ ಸೆರಗು ಬಿಡಲಿಲ್ಲ. ಹುಡುಗ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲವೆಂದು ಆಮೇಲೆ ತಿಳಿಯಿತು. ಅಂದಿನಿಂದ ಕಚೇರಿಯವರು, "ಮಕ್ಕಳು ಹೊಂದಿಕೊಳ್ಳಲಿ, ಸದ್ಯಕ್ಕೆ ಬೇಡ" ಎಂದು ಬಾಯಿಮಾತಿನಲ್ಲಿ ಹೇಳಿ ಕಳುಹಿಸುತ್ತಿದ್ದಾರೆ. ನಾಲ್ಕು ತಿಂಗಳಾಯಿತು. ಅವಳು ಪ್ರತಿ ತಿಂಗಳೂ ಒಂದು ದಿನದ ಕೂಲಿ ಬಿಟ್ಟು ಹೋಗಿ ಬಾಗಿಲಲ್ಲಿ ಕುಳಿತು ಬರುತ್ತಾಳೆ.

ತಾಯಿಗೆ ಮಕ್ಕಳನ್ನು ನೋಡುವ ಹಕ್ಕು ಇದೆಯೋ, ಅಥವಾ ಅದು ಅವರು ಕೊಟ್ಟರೆ ಮಾತ್ರ ಸಿಗುವಂಥದ್ದೋ? ಅಜ್ಜಿಗೆ, ಅತ್ತೆಯಾದ ನನಗೆ ಭೇಟಿಯ ಅವಕಾಶ ಇದೆಯೇ? ಎರಡು ವರ್ಷ ಆದರೆ ಪೋಷಕ ಕುಟುಂಬದವರೇ ಮಕ್ಕಳನ್ನು ದತ್ತು ತೆಗೆದುಕೊಳ್ಳಬಹುದೆಂದು ಯಾರೋ ಹೇಳಿದ್ದರಿಂದ ನನ್ನ ಅಮ್ಮ ರಾತ್ರಿ ನಿದ್ದೆ ಮಾಡುತ್ತಿಲ್ಲ. ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ: ಸಮಿತಿಯ ಮಾಜಿ ಸದಸ್ಯೆ

ನೀವು ಹೆಸರು, ಊರು ಬರೆಯದಿದ್ದದ್ದು ಬಹಳ ಸರಿ. ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಗುವಿನ ಗುರುತು ಹೊರಬೀಳುವಂತೆ ಯಾವುದೇ ಮಾಧ್ಯಮದಲ್ಲಿ ಪ್ರಕಟಿಸುವುದು ಬಾಲ ನ್ಯಾಯ ಕಾಯ್ದೆಯ 74ನೆಯ ಕಲಮಿನಡಿ ಅಪರಾಧ. ಮಕ್ಕಳ ಫೋಟೊಗಳನ್ನು ವಾಟ್ಸ್ಆ್ಯಪ್ ಗುಂಪುಗಳಲ್ಲಿಯೂ ಹಂಚಬೇಡಿ.

ನಾನು ಬೇರೊಂದು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯಲ್ಲಿ ಒಂದು ಅವಧಿ, ಅಂದರೆ ಮೂರು ವರ್ಷ, ಕೆಲಸ ಮಾಡಿದ್ದೇನೆ. ನಿಮ್ಮ ಪ್ರಶ್ನೆಗೆ ನೇರವಾದ ಉತ್ತರ 2015ರ ಬಾಲ ನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆಯ 44ನೆಯ ಕಲಮಿನ 5ನೆಯ ಉಪಕಲಮಿನಲ್ಲಿದೆ. ಹೆತ್ತವರು ಅಸಮರ್ಥರೆಂಬ ಕಾರಣಕ್ಕೆ ಸಮಿತಿಯು ಮಗುವನ್ನು ಪೋಷಕ ಕುಟುಂಬಕ್ಕೆ ಒಪ್ಪಿಸಿದ್ದರೆ, ಹೆತ್ತವರು ಆ ಕುಟುಂಬದಲ್ಲಿ ಮಗುವನ್ನು ನಿಯತವಾಗಿ ಭೇಟಿ ಮಾಡಬಹುದು ಎಂದು ಅದು ಹೇಳುತ್ತದೆ. ಭೇಟಿಯಿಂದ ಮಗುವಿನ ಹಿತಕ್ಕೆ ಧಕ್ಕೆಯಾಗುತ್ತದೆಂದು ಸಮಿತಿಗೆ ಅನ್ನಿಸಿದರೆ ಅದನ್ನು ತಡೆಯಬಹುದು, ಆದರೆ ಕಾರಣಗಳನ್ನು ದಾಖಲಿಸಬೇಕು. ಹೆತ್ತವರು ಮತ್ತೆ ಸಮರ್ಥರಾಗಿದ್ದಾರೆಂದು ಸಮಿತಿ ನಿರ್ಧರಿಸಿದ ಮೇಲೆ ಮಗು ಅವರ ಮನೆಗೆ ಮರಳಬಹುದು ಎಂಬ ಮಾತೂ ಅದೇ ವಾಕ್ಯದ ಮುಂದುವರಿಕೆಯಾಗಿ ಬರುತ್ತದೆ. ಭೇಟಿ ಮತ್ತು ಮರಳುವಿಕೆ ಎರಡನ್ನೂ ಕಾನೂನು ಒಂದೇ ಉಸಿರಿನಲ್ಲಿ ಹೇಳಿರುವುದು ಸುಮ್ಮನೆ ಅಲ್ಲ. ತಾಯಿಯ ಮುಖವನ್ನೇ ವರ್ಷಗಟ್ಟಲೆ ನೋಡದ ಮಗುವನ್ನು ಒಂದು ದಿನ ಇದ್ದಕ್ಕಿದ್ದಂತೆ ಮನೆಗೆ ಕಳುಹಿಸಲು ಆಗುವುದಿಲ್ಲ.

ಆದ್ದರಿಂದ ತಡೆಯುವ ಅಧಿಕಾರ ಇರುವುದು ಸಮಿತಿಗೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಸಿಬ್ಬಂದಿಗೂ ಇಲ್ಲ, ಪೋಷಕ ಕುಟುಂಬಕ್ಕೂ ಇಲ್ಲ. ಸಮಿತಿಯೆಂದರೆ ಅಧ್ಯಕ್ಷರು ಮತ್ತು ನಾಲ್ವರು ಸದಸ್ಯರ ಪೀಠ, ಅದಕ್ಕೆ ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿಯ ಅಧಿಕಾರವಿದೆ. ಅಂಥ ಪೀಠ ಬಾಯಿಮಾತಿನಲ್ಲಿ ತೀರ್ಮಾನ ಕೊಡುವಂತಿಲ್ಲ. ಇದನ್ನು ಬರೆಯುವಾಗ ನನಗೆ ಸಂಕೋಚವಾಗುತ್ತದೆ, ಏಕೆಂದರೆ ದಿನಕ್ಕೆ ಮೂವತ್ತು ಕಡತಗಳ ನಡುವೆ "ಮುಂದಿನ ತಿಂಗಳು ನೋಡೋಣ ತಾಯಿ" ಎಂದು ಹೇಳಿ ಕಳುಹಿಸಿದ ದಿನಗಳು ನನ್ನವೂ ಇವೆ. ಹಾಗೆ ಹೋದವರಲ್ಲಿ ಕೆಲವರು ಮತ್ತೆ ಬರಲೇ ಇಲ್ಲ. ಅವರು ಏಕೆ ಬರಲಿಲ್ಲವೆಂದು ನಾವು ಕಡತದಲ್ಲಿ ಬರೆಯಲೂ ಇಲ್ಲ.

ದತ್ತಿನ ವಿಷಯ. 2024ರ ಮಾದರಿ ಪೋಷಕತ್ವ ಮಾರ್ಗಸೂಚಿಯಂತೆ ಎರಡು ವರ್ಷ ಮಗುವನ್ನು ಸಾಕಿದ ಕುಟುಂಬ ಅದೇ ಮಗುವನ್ನು ದತ್ತು ಪಡೆಯಲು ಮುಂದಾಗಬಹುದು ಎಂಬುದು ನಿಜ. ಮೊದಲು ಈ ಅವಧಿ ಐದು ವರ್ಷವಿತ್ತು. ಆದರೆ ಎರಡು ವರ್ಷ ತುಂಬಿದ ಮಾತ್ರಕ್ಕೆ ಮಗು ಅವರದಾಗುವುದಿಲ್ಲ. ಮಗುವನ್ನು ದತ್ತಿಗೆ ಕಾನೂನುಬದ್ಧವಾಗಿ ಮುಕ್ತವೆಂದು ಸಮಿತಿಯು 38ನೆಯ ಕಲಮಿನಡಿ ಘೋಷಿಸಿದ ಹೊರತು ಆ ಪ್ರಶ್ನೆಯೇ ಏಳುವುದಿಲ್ಲ. ಬದುಕಿದ್ದು, ಮಕ್ಕಳನ್ನು ಒಪ್ಪಿಸಿಕೊಡದೆ, ಬೇಕೆಂದು ತಿಂಗಳು ತಿಂಗಳು ಬಾಗಿಲು ತಟ್ಟುತ್ತಿರುವ ತಾಯಿಯ ಮಕ್ಕಳು ಅನಾಥರೂ ಅಲ್ಲ, ಪರಿತ್ಯಕ್ತರೂ ಅಲ್ಲ. ಆದರೆ ಅವರು ಬಾಗಿಲು ತಟ್ಟಿದ್ದಕ್ಕೆ ಕಾಗದದ ಪುರಾವೆ ಇರಬೇಕು. ಬಹುಕಾಲ ಯಾರೂ ನೋಡಲು ಬಾರದ ಮಕ್ಕಳನ್ನು ಗುರುತಿಸಿ ದತ್ತಿನ ವ್ಯವಸ್ಥೆಗೆ ತರಬೇಕೆಂಬ ಪ್ರಯತ್ನ ಇತ್ತೀಚಿನ ವರ್ಷಗಳಲ್ಲಿ ನಡೆದಿದೆ. ನಿಮ್ಮ ತಮ್ಮನ ಹೆಂಡತಿ ಪ್ರತಿ ತಿಂಗಳು ಬಂದದ್ದು ಎಲ್ಲಿಯೂ ದಾಖಲಾಗದಿದ್ದರೆ, ನಾಳೆ ಆ ಕಡತವನ್ನು ಓದುವವರ ಕಣ್ಣಿಗೆ ಆಕೆ ಬಾರದ ತಾಯಿಯಂತೆಯೇ ಕಾಣುತ್ತಾಳೆ. ನನ್ನ ಆತಂಕವೆಲ್ಲ ಇದರ ಬಗ್ಗೆಯೇ.

ಭೇಟಿಗೆ ಅವಕಾಶ ಕೋರಿ ಸಮಿತಿಯ ಅಧ್ಯಕ್ಷರ ಹೆಸರಿಗೆ ಲಿಖಿತ ಅರ್ಜಿ ಕೊಡಿ. ಮಕ್ಕಳನ್ನು ಒಪ್ಪಿಸಿದ ಆದೇಶದ ದೃಢೀಕೃತ ನಕಲನ್ನೂ ಕೇಳಿ.

ಉತ್ತರ: ಒಬ್ಬ ಪೋಷಕ ತಾಯಿ

ನಾನು ನೀವು ಹೇಳುವ ಆ ಇನ್ನೊಂದು ಮನೆಯಲ್ಲಿ ಇರುವವಳು. ನಿಮ್ಮ ಮಕ್ಕಳಿರುವ ಮನೆ ನನ್ನದಲ್ಲ, ಆದರೆ ಅಲ್ಲಿ ಏನಾಗುತ್ತಿರಬಹುದೆಂದು ಊಹಿಸಬಲ್ಲೆ.

ನಮ್ಮ ಮನೆಗೆ ಒಂಬತ್ತು ವರ್ಷದ ಹುಡುಗ ಬಂದಿದ್ದ. ಅವನ ತಂದೆ ಕುಡಿತದ ಚಟ ಬಿಡಿಸುವ ಚಿಕಿತ್ಸೆಯಲ್ಲಿದ್ದರು. ಅವರು ಮೊದಲ ಸಲ ನೋಡಲು ಬಂದು ಹೋದ ರಾತ್ರಿಯಿಂದ ಒಂದು ವಾರ ಹುಡುಗ ಹಾಸಿಗೆಯಲ್ಲಿ ಮೂತ್ರ ಮಾಡಿಕೊಂಡ, ಶಾಲೆಯಲ್ಲಿ ಒಬ್ಬನನ್ನು ಹೊಡೆದ. ನಾನು ಹೆದರಿ, ಭೇಟಿಯಿಂದ ಮಗುವಿಗೆ ತೊಂದರೆಯಾಗುತ್ತಿದೆ, ನಿಲ್ಲಿಸಿ ಎಂದು ಘಟಕಕ್ಕೆ ಪತ್ರ ಬರೆದೆ. ಆ ಪತ್ರದಲ್ಲಿ ಮಗುವಿನ ಮೇಲಿನ ಕಾಳಜಿಯೂ ಇತ್ತು, ಅವನು ನನ್ನಿಂದ ದೂರವಾಗುತ್ತಾನೆಂಬ ಭಯವೂ ಇತ್ತು. ಆಗ ನನಗೆ ಎರಡನ್ನೂ ಬೇರೆ ಮಾಡಿ ನೋಡಲು ಬರಲಿಲ್ಲ.

ಅಲ್ಲಿನ ಆಪ್ತ ಸಮಾಲೋಚಕಿ ನಮ್ಮ ಮನೆಗೆ ಬಂದು ಎರಡು ಗಂಟೆ ಕುಳಿತರು. ಮಗು ಅತ್ತದ್ದು ತಂದೆ ಬಂದದ್ದಕ್ಕೆ ಅಲ್ಲ, ಹೋದದ್ದಕ್ಕೆ ಎಂದರು. ಮತ್ತೆ ಯಾವಾಗ ಬರುತ್ತಾರೆಂದು ಮಗುವಿಗೆ ಗೊತ್ತೇ ಎಂದು ಕೇಳಿದರು. ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಆಮೇಲೆ ಪ್ರತಿ ತಿಂಗಳ ಎರಡನೆಯ ಶನಿವಾರ ಎಂದು ನಿಗದಿಯಾಯಿತು. ಕ್ಯಾಲೆಂಡರಿನಲ್ಲಿ ಹುಡುಗನೇ ಆ ದಿನಕ್ಕೆ ಸುತ್ತು ಹಾಕುತ್ತಿದ್ದ. ಮೂರನೆಯ ಭೇಟಿಯ ಹೊತ್ತಿಗೆ ಹಾಸಿಗೆ ಒದ್ದೆಯಾಗುವುದು ನಿಂತಿತು. ಅಳು ಪೂರ್ತಿ ನಿಲ್ಲಲಿಲ್ಲ, ನಿಲ್ಲಬೇಕೆಂದು ನಾನೂ ಬಯಸಲಿಲ್ಲ.

ಭೇಟಿಗೆ ಹೋಗುವ ತಾಯಿಗೆ ಕೆಲವು ಮಾತು ಹೇಳಬೇಕು ಎನ್ನಿಸುತ್ತದೆ. "ಮುಂದಿನ ತಿಂಗಳು ಮನೆಗೆ ಕರೆದುಕೊಂಡು ಹೋಗುತ್ತೇನೆ" ಎಂದು ಯಾವ ಕಾರಣಕ್ಕೂ ಹೇಳಬಾರದು. ಆ ಹುಡುಗನ ತಂದೆ ಒಮ್ಮೆ ಹಾಗೆ ಹೇಳಿಬಿಟ್ಟರು, ಹುಡುಗ ಅಂದೇ ಚೀಲ ಕಟ್ಟಿಟ್ಟ, ಆ ಚೀಲ ಆರು ವಾರ ಬಾಗಿಲ ಹಿಂದೆಯೇ ಇತ್ತು. ಹೊಸ ಆಟಿಕೆಗಿಂತ ಮಕ್ಕಳು ತಿಂದು ಬೆಳೆದ ತಿನಿಸನ್ನು ಒಯ್ಯುವುದು ಒಳ್ಳೆಯದು. ಆ ಹುಡುಗನ ತಂದೆ ಮನೆಯಿಂದ ರೊಟ್ಟಿ ಮತ್ತು ಶೇಂಗಾ ಚಟ್ನಿ ತರುತ್ತಿದ್ದರು, ನಾವು ಮೂವರೂ ಕುಳಿತು ತಿನ್ನುತ್ತಿದ್ದೆವು. ಮಕ್ಕಳು ಪೋಷಕ ತಾಯಿಯನ್ನೂ ಅಮ್ಮ ಎಂದು ಕರೆದರೆ ಅವಳ ಮುಖ ಬಾಡದಿರಲಿ. ಅದನ್ನು ಸಹಿಸುವುದು ಎಷ್ಟು ಕಷ್ಟವೆಂದು ನನಗೆ ಗೊತ್ತು, ಏಕೆಂದರೆ ನನ್ನೆದುರಿಗೆ ಅವನು ಅಪ್ಪನ ಕೊರಳಿಗೆ ಬಿದ್ದಾಗ ನನ್ನ ಮುಖವೂ ಬಾಡುತ್ತಿತ್ತು.

ಹುಡುಗ 19 ತಿಂಗಳ ನಂತರ ತಂದೆಯ ಮನೆಗೆ ಮರಳಿದ. ಈಗಲೂ ಹಬ್ಬದ ದಿನ ಫೋನ್ ಮಾಡುತ್ತಾನೆ.

ಸೋದರತ್ತೆ

ಇಬ್ಬರಿಗೂ ಕೈಮುಗಿಯುತ್ತೇನೆ. ಪೋಷಕ ತಾಯಿಯವರು ಬರೆದದ್ದನ್ನು ತಮ್ಮನ ಹೆಂಡತಿಗೆ ಓದಿ ಹೇಳಿದೆ. ಆ ಮನೆಯವರೇ ಮಕ್ಕಳನ್ನು ತನ್ನಿಂದ ಕಿತ್ತುಕೊಂಡರೆಂದು ಅವಳು ತಿಳಿದಿದ್ದಳು. ಬಹಳ ಹೊತ್ತು ಸುಮ್ಮನಿದ್ದು, "ಹುಡುಗನಿಗೆ ಮೊಸರು ಆಗುವುದಿಲ್ಲವೆಂದು ಅವರಿಗೆ ಯಾರಾದರೂ ಹೇಳಿದ್ದಾರಾ" ಎಂದು ಕೇಳಿದಳು.

ಅರ್ಜಿ ಕೊಡುವುದಕ್ಕೆ ನನ್ನ ಅಮ್ಮ ಹೆದರುತ್ತಿದ್ದಾರೆ. ಎದುರು ಮಾತನಾಡಿದರೆಂದು ಮಕ್ಕಳನ್ನು ಇನ್ನೂ ದೂರ ಕಳುಹಿಸಿಬಿಟ್ಟರೆ ಎಂಬ ಭಯ. ತಾಯಿಗೆ ಮಾನಸಿಕ ಕಾಯಿಲೆಯೆಂಬ ಒಂದೇ ಮಾತಿನಿಂದ ನಮ್ಮ ಬಾಯಿ ಮುಚ್ಚಿಸಬಹುದಲ್ಲವೇ?

ಉತ್ತರ: ತಾಲ್ಲೂಕಿನ ವಕೀಲ

ಮುಚ್ಚಿಸಲು ಬರುವುದಿಲ್ಲ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯ 3ನೆಯ ಕಲಂ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಸಕ್ಷಮ ನ್ಯಾಯಾಲಯ ಘೋಷಿಸಿದ ಹೊರತು, ಮಾನಸಿಕ ಕಾಯಿಲೆ ಇದೆಯೆಂದು ಗುರುತಿಸಿದ ಮಾತ್ರಕ್ಕೆ ಒಬ್ಬರನ್ನು ಅಸ್ವಸ್ಥಚಿತ್ತರೆಂದು ಭಾವಿಸುವಂತಿಲ್ಲ. ಸಮಿತಿಯ ಮುಂದಿರುವ ಪ್ರಶ್ನೆ ಕಾಯಿಲೆಯ ಹೆಸರೇನು ಎಂಬುದಲ್ಲ, ಈ ತಾಯಿ ಈ ಮಕ್ಕಳನ್ನು ಇಂದು ನೋಡಿಕೊಳ್ಳಬಲ್ಲಳೇ ಎಂಬುದು. ಚಿಕಿತ್ಸೆ ನೀಡುತ್ತಿರುವ ಮನೋವೈದ್ಯರಿಂದ ಈಗಿನ ಸ್ಥಿತಿಯ ಬಗ್ಗೆ ಪ್ರಮಾಣಪತ್ರ ಪಡೆಯಿರಿ, ಮಾತ್ರೆ ಪಡೆದ ಚೀಟಿಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ. ತನ್ನ ಚಿಕಿತ್ಸೆಯ ದಾಖಲೆಗಳನ್ನು ಪಡೆಯುವುದು ಅದೇ ಕಾಯ್ದೆ ಆಕೆಗೆ ಕೊಟ್ಟಿರುವ ಹಕ್ಕು.

ಹಿರಿಯರಾದ ಮಾಜಿ ಸದಸ್ಯೆಯವರು ಹೇಳಿದ್ದಕ್ಕೆ ಒಂದು ಮಾತು ಸೇರಿಸಬೇಕು. ಸಮಿತಿಯ ಆದೇಶದಿಂದ ಬಾಧಿತರಾದವರು ಬಾಲ ನ್ಯಾಯ ಕಾಯ್ದೆಯ 101ನೆಯ ಕಲಮಿನಡಿ ಆದೇಶದ ದಿನಾಂಕದಿಂದ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬೇಕು. ಇತರ ಆದೇಶಗಳ ಮೇಲ್ಮನವಿ ಮಕ್ಕಳ ನ್ಯಾಯಾಲಯಕ್ಕೆ ಹೋಗುತ್ತದೆ, ಆದರೆ ಪೋಷಕತ್ವಕ್ಕೆ ಸಂಬಂಧಿಸಿದ ತೀರ್ಮಾನಗಳ ಮೇಲ್ಮನವಿ ಹೋಗುವುದು ಜಿಲ್ಲಾ ದಂಡಾಧಿಕಾರಿಗೆ, ಅಂದರೆ ಜಿಲ್ಲಾಧಿಕಾರಿಗೆ. ನನ್ನ ಬಳಿ ಬಂದ ಎರಡು ಪ್ರಕರಣಗಳಲ್ಲಿ ಕುಟುಂಬದವರು ಇದನ್ನು ತಿಳಿಯದೆ ಸಿವಿಲ್ ನ್ಯಾಯಾಲಯಕ್ಕೆ ಹೋಗಿ ತಿಂಗಳುಗಳನ್ನು ಕಳೆದುಕೊಂಡಿದ್ದರು. ನಿಮಗೆ ಇರುವ ತೊಡಕೆಂದರೆ ಭೇಟಿ ನಿರಾಕರಿಸಿದ ಆದೇಶವೇ ಕೈಯಲ್ಲಿಲ್ಲ, ಆದೇಶವಿಲ್ಲದೆ ಮೇಲ್ಮನವಿ ಇಲ್ಲ. ಆದ್ದರಿಂದಲೇ ಲಿಖಿತ ಅರ್ಜಿ ಮೊದಲ ಹೆಜ್ಜೆ. ಅರ್ಜಿಯ ಎರಡನೆಯ ಪ್ರತಿಯ ಮೇಲೆ ಮೊಹರು, ದಿನಾಂಕ, ಸ್ವೀಕರಿಸಿದವರ ಸಹಿ ಹಾಕಿಸಿಕೊಳ್ಳಿ. ಕೊಡದಿದ್ದರೆ ತಲುಪಿದ ಪುರಾವೆ ಸಿಗುವಂತೆ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ. ಅವರು ಒಪ್ಪಿದರೆ ಭೇಟಿ ಸಿಗುತ್ತದೆ, ಕಾರಣ ಕೊಟ್ಟು ನಿರಾಕರಿಸಿದರೆ ಮೇಲ್ಮನವಿಯ ದಾರಿ ತೆರೆಯುತ್ತದೆ. ಉತ್ತರವೇ ಬರದಿದ್ದರೆ ಸಮಿತಿಯ ಕಾರ್ಯವೈಖರಿಯ ಬಗೆಗಿನ ದೂರುಗಳನ್ನು ಆಲಿಸುವ ಪ್ರಾಧಿಕಾರವೂ ಜಿಲ್ಲಾ ದಂಡಾಧಿಕಾರಿಯೇ, 2021ರ ತಿದ್ದುಪಡಿ ಅವರ ಈ ಹೊಣೆಯನ್ನು ಇನ್ನಷ್ಟು ಸ್ಪಷ್ಟಪಡಿಸಿದೆ.

ಅರ್ಜಿಯಲ್ಲಿ ಸುಮ್ಮನೆ ಭೇಟಿ ಬೇಕು ಎಂದು ಬರೆಯಬೇಡಿ. ತಿಂಗಳಿಗೆ ಎಷ್ಟು ಸಲ, ಯಾವ ವಾರ, ಎಲ್ಲಿ, ಎಷ್ಟು ಹೊತ್ತು, ನಡುವೆ ವಾರಕ್ಕೊಂದು ಫೋನ್ ಕರೆ, ಆರಂಭದಲ್ಲಿ ಸಮಾಲೋಚಕರ ಉಪಸ್ಥಿತಿ, ಎಲ್ಲವನ್ನೂ ನೀವೇ ಸೂಚಿಸಿ. ಹುಡುಗಿಗೆ 11 ವರ್ಷ, ಅವಳ ಅಭಿಪ್ರಾಯವನ್ನು ಸಮಿತಿಯೇ ಕೇಳಬೇಕೆಂದು ಕೋರಿ. ತನಗೆ ಸಂಬಂಧಿಸಿದ ತೀರ್ಮಾನದಲ್ಲಿ ಮಗುವಿನ ಮಾತಿಗೆ ಬೆಲೆ ಕೊಡಬೇಕೆಂಬುದು ಬಾಲ ನ್ಯಾಯ ಕಾಯ್ದೆಯ 3ನೆಯ ಕಲಮಿನ ಮೂಲ ತತ್ವಗಳಲ್ಲೊಂದು. ವಕೀಲರ ಶುಲ್ಕದ ಚಿಂತೆ ಬೇಡ. ಮಹಿಳೆಯರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಸಿಗುತ್ತದೆ, 15100ಕ್ಕೆ ಕರೆ ಮಾಡಿ ವಿಚಾರಿಸಬಹುದು.

ನಿಮ್ಮ ತಾಯಿಯವರಿಗೆ ಹೇಳಿ: ಕಾನೂನು ಕೊಟ್ಟದ್ದನ್ನು ಕೇಳಿದರೆಂಬ ಕಾರಣಕ್ಕೆ ಮಕ್ಕಳನ್ನು ಸ್ಥಳಾಂತರಿಸಲು ಬರುವುದಿಲ್ಲ. ಹಾಗೇನಾದರೂ ಮಾಡಿದರೆ ಅದಕ್ಕೂ ಆದೇಶ ಬೇಕು, ಆ ಆದೇಶಕ್ಕೂ ಮೇಲ್ಮನವಿ ಇದೆ.

ಉತ್ತರ: ಬಾಲಮಂದಿರದಲ್ಲಿ ಬೆಳೆದವನು

ನಾನು ಏಳನೆಯ ವಯಸ್ಸಿನಿಂದ ಹದಿನೆಂಟರವರೆಗೆ ಸಂಸ್ಥೆಯಲ್ಲಿಯೇ ಬೆಳೆದವನು. ಮಗುವಾಗಿದ್ದಾಗ ನನಗೆ ಗೊತ್ತಿದ್ದದ್ದನ್ನು ಮಾತ್ರ ಇಲ್ಲಿ ಹೇಳುತ್ತೇನೆ.

ನನ್ನನ್ನು ನೋಡಲು ಯಾರೂ ಬರುವುದಿಲ್ಲವೆಂದು ನಾನು ನಾಲ್ಕು ವರ್ಷ ನಂಬಿದ್ದೆ. ನಾನು ಏನೋ ತಪ್ಪು ಮಾಡಿದ್ದರಿಂದಲೇ ಬರುತ್ತಿಲ್ಲವೆಂದು ನನಗೆ ನಾನೇ ಕಾರಣ ಕಟ್ಟಿಕೊಂಡಿದ್ದೆ. ದೊಡ್ಡವನಾದ ಮೇಲೆ ಊರಿಗೆ ಹೋದಾಗ, ನನ್ನ ಅಜ್ಜಿ ಎರಡು ಸಲ ಗೇಟಿನವರೆಗೆ ಬಂದು, ಕಾಗದ ಇಲ್ಲವೆಂದು ವಾಪಸ್ಸು ಹೋಗಿದ್ದರೆಂದು ಚಿಕ್ಕಪ್ಪ ಹೇಳಿದರು. ಅಷ್ಟರಲ್ಲಿ ಅಜ್ಜಿ ತೀರಿಕೊಂಡಿದ್ದರು. ಅಜ್ಜಿ ಬಂದಿದ್ದರು ಎಂಬ ಒಂದು ಮಾತನ್ನು ಆ ದಿನ ಸಂಜೆ ಯಾರಾದರೂ ನನಗೆ ಹೇಳಿದ್ದರೆ ಸಾಕಿತ್ತು.

ಆದ್ದರಿಂದ ಅಕ್ಕ, ಭೇಟಿಗೆ ಅನುಮತಿ ಸಿಗುವವರೆಗೆ ತಾಯಿಯಿಂದ ಪತ್ರ ಬರೆಸಿ, ಆಕೆಗೆ ಬರೆಯಲು ಬಾರದಿದ್ದರೆ ನೀವು ಬರೆದುಕೊಂಡು ಹೆಬ್ಬೆಟ್ಟು ಒತ್ತಿಸಿ. ತಂದೆಯ ಫೋಟೊ ಒಂದನ್ನು ಜೊತೆಗಿಡಿ. ಅದನ್ನು ಸಮಿತಿಯ ಮೂಲಕವೇ ಮಕ್ಕಳಿಗೆ ತಲುಪಿಸಲು ಕೇಳಿಕೊಳ್ಳಿ. ಅಮ್ಮ ಈಗ ಎಲ್ಲಿದ್ದಾಳೆ, ಏಕೆ ಬರಲಾಗುತ್ತಿಲ್ಲ ಎಂಬುದನ್ನು ಮಕ್ಕಳಿಗೆ ಯಾರು ಹೇಳುತ್ತಾರೆಂದು ಕಚೇರಿಯಲ್ಲಿ ಕೇಳಿ. ದೊಡ್ಡವರು ಏನೂ ಹೇಳದಿದ್ದರೆ ಮಗು ಸುಮ್ಮನಿರುವುದಿಲ್ಲ, ತನಗೆ ತಾನೇ ಕೆಟ್ಟದ್ದೊಂದನ್ನು ಹೇಳಿಕೊಳ್ಳುತ್ತದೆ.

ಸಮಿತಿಯ ಮಾಜಿ ಸದಸ್ಯೆ

ವಕೀಲರು ಹೇಳಿದ ಕ್ರಮವೇ ಸರಿ. ಅಜ್ಜಿ ಮತ್ತು ಅತ್ತೆಯ ಬಗ್ಗೆ ಕೇಳಿದ್ದಿರಿ, ಅದಕ್ಕೆ ನಾನು ಉತ್ತರಿಸಿರಲಿಲ್ಲ. 44ನೆಯ ಕಲಂ ಭೇಟಿಯ ವಿಷಯದಲ್ಲಿ ಹೆತ್ತವರ ಹೆಸರನ್ನು ಮಾತ್ರ ಎತ್ತುತ್ತದೆ. ಆದರೆ ಅಜ್ಜಿಯನ್ನು ನೋಡುವುದು ಮಗುವಿನ ಹಿತವೆಂದು ಸಮಿತಿಗೆ ಮನವರಿಕೆಯಾದರೆ ಅನುಮತಿಸಲು ಏನೂ ಅಡ್ಡಿಯಿಲ್ಲ. ಅರ್ಜಿಯಲ್ಲಿ ನಿಮ್ಮಿಬ್ಬರ ಹೆಸರನ್ನೂ ಸೇರಿಸಿ.

ಇನ್ನೊಂದು ಮಾತು ಭೇಟಿಗಿಂತ ಮುಂದಿನದು. 37ನೆಯ ಕಲಮಿನಂತೆ ಮಗುವನ್ನು ಹೆತ್ತವರಿಗೆ ಮಾತ್ರವಲ್ಲ, ಕುಟುಂಬಕ್ಕೂ ಮೇಲ್ವಿಚಾರಣೆಯ ಷರತ್ತಿನೊಡನೆ ಮರಳಿಸಬಹುದು. ತಾಯಿ, ಅಜ್ಜಿ, ನೀವು ಒಟ್ಟಾಗಿ ಹೊಣೆ ಹೊರುವುದಾಗಿ ಹೇಳಿದರೆ ಸಮಿತಿಗೆ ಧೈರ್ಯ ಬರುತ್ತದೆ. ಹಣದ ಅಡಚಣೆಯೂ ಪರಿಹಾರವಿಲ್ಲದ್ದಲ್ಲ. ಪೋಷಕ ಕುಟುಂಬಕ್ಕೆ ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಿಂದ ಒಂದು ಮಗುವಿಗೆ ತಿಂಗಳಿಗೆ ₹4,000 ಸಿಗುತ್ತದೆ. ವಿಧವೆಯಾದ ತಾಯಿ ಮಕ್ಕಳನ್ನು ತನ್ನ ಬಳಿಯೇ ಇಟ್ಟುಕೊಂಡು ಸಾಕಲು ಅದೇ ಯೋಜನೆಯ ಪ್ರಾಯೋಜಕತ್ವದ (ಸ್ಪಾನ್ಸರ್‌ಶಿಪ್) ಅಡಿಯಲ್ಲಿಯೂ ಅಷ್ಟೇ ಹಣವಿದೆ. ಹಳ್ಳಿಯಲ್ಲಿ ಕುಟುಂಬದ ವಾರ್ಷಿಕ ಆದಾಯ ₹72,000 ಮೀರಿರಬಾರದು. ಬಡತನವಷ್ಟೇ ಕಾರಣವಾದ ಕಡೆ ಮಕ್ಕಳನ್ನು ಇನ್ನೊಂದು ಮನೆಗೆ ಕಳುಹಿಸುವ ಮೊದಲು ಆ ಹಣವನ್ನು ತಾಯಿಯ ಮನೆಗೆ ಏಕೆ ಕೊಡಬಾರದೆಂದು ನಾವು ಸಮಿತಿಯಲ್ಲಿ ಇನ್ನೂ ಹೆಚ್ಚು ಸಲ ಕೇಳಬೇಕಿತ್ತು.

ಸೋದರತ್ತೆ

ಸೋಮವಾರ ಅರ್ಜಿ ಕೊಟ್ಟೆವು. ಕಾನೂನು ಸೇವಾ ಪ್ರಾಧಿಕಾರದವರು ಒಬ್ಬ ವಕೀಲರನ್ನು ಕೊಟ್ಟಿದ್ದರು, ಅವರು ಜೊತೆಗಿದ್ದುದರಿಂದಲೋ ಏನೋ ಸ್ವೀಕೃತಿಯ ಮೊಹರು ಐದೇ ನಿಮಿಷದಲ್ಲಿ ಬಿತ್ತು. ಆದೇಶದ ನಕಲೂ ಸಿಕ್ಕಿತು. ಅದರಲ್ಲಿ "ತಾಯಿಯು ಮಕ್ಕಳನ್ನು ಭೇಟಿ ಮಾಡಬಹುದು" ಎಂದು ಮೊದಲೇ ಬರೆದಿದೆ. ಹದಿನಾಲ್ಕು ತಿಂಗಳು ಅದು ಕಡತದಲ್ಲಿಯೇ ಇತ್ತು, ನಮಗೆ ಯಾರೂ ಓದಿ ಹೇಳಿರಲಿಲ್ಲ.

ಬರುವ ಗುರುವಾರ ಸಮಿತಿಯ ಮುಂದೆ ಹಾಜರಾಗಬೇಕು, ಹುಡುಗಿಯನ್ನೂ ಕರೆಸಿ ಮಾತನಾಡಿಸುತ್ತಾರಂತೆ. ಮೊಸರಿನ ವಿಷಯವನ್ನು ಪತ್ರದಲ್ಲಿ ಬರೆದು ಪೋಷಕ ಕುಟುಂಬಕ್ಕೆ ತಲುಪಿಸಲು ಕೊಟ್ಟಿದ್ದೇವೆ. ತಮ್ಮನ ಹೆಂಡತಿ ನಿನ್ನೆ ಸಂತೆಗೆ ಹೋಗಿ ಹುಡುಗನಿಗೆ ಅಂಗಿ ಆರಿಸಲು ನಿಂತು, ಈಗ ಅವನಿಗೆ ಯಾವ ಅಳತೆಯದು ಆಗುತ್ತದೆಂದು ತಿಳಿಯದೆ ಹಾಗೆಯೇ ಮರಳಿ ಬಂದಳು. ಗುರುವಾರ ಅದನ್ನೂ ಕೇಳಿಕೊಂಡು ಬರುತ್ತೇವೆ.